ಸುಲಭವೋ, ಭದ್ರವೋ? ಗಣಕದ ಪಾರುಪತ್ಯಗಾರನ ಕಥೆ

ಬೇಸಿಗೆಯ ರಜೆಗೆ ಊರಿಗೆ ಹೋಗಲು ರೈಲ್ವೆ ಟಿಕೆಟು ಕಾದಿರಿಸುವುದೆಂದರೆ, ಮುಂಬಯಿ, ಪುಣೆ, ದಿಲ್ಲಿಗಳಲ್ಲಿ ನೆಲಸಿದ ನಮ್ಮ ಕುಟುಂಬಗಳಿಗೆ ಒಂದು ಕಾಲದಲ್ಲಿ ಅದೊಂದು ವ್ರತವೇ ಆಗಿತ್ತು. ನಸುಕಿನಲ್ಲೆದ್ದು ನಿಲ್ದಾಣಕ್ಕೆ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಒಂದೊಂದು ಗಾಡಿಗೆ ಒಂದೊಂದು ಕಿಟಕಿ. ಕಿಟಕಿಯ ಹಿಂದೆ ಗುಮಾಸ್ತರು ದಪ್ಪ ರಿಜಿಸ್ಟರಿನ ಹಾಳೆಗಳನ್ನು ತಿರುವಿ, ಜಾಗವಿದ್ದರೆ ಹೆಸರು ಬರೆದುಕೊಳ್ಳುವರು, ಇಲ್ಲದಿದ್ದರೆ ತಲೆಯಾಡಿಸುವರು. ತಪ್ಪಾದ ಸಾಲಿನಲ್ಲಿ ಎರಡು ತಾಸು ನಿಂತು ಬರಿಗೈಯಲ್ಲಿ ಮನೆಗೆ ಮರಳಿದ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ.

1985-86ರಲ್ಲಿ ದಿಲ್ಲಿಯಲ್ಲಿ ಈ ರಿಜಿಸ್ಟರಿನ ಜಾಗಕ್ಕೆ ಗಣಕ ಬಂತು. ಆಗ ಸರಕಾರದ ಒಡೆತನದಲ್ಲಿದ್ದ ಸಿ.ಎಂ.ಸಿ. ಸಂಸ್ಥೆ ‘ಇಂಪ್ರೆಸ್’ ಎಂಬ ಹೆಸರಿನಲ್ಲಿ ಈ ಏರ್ಪಾಡನ್ನು ಸಿದ್ಧಪಡಿಸಿತು. ಯಾವ ಕಿಟಕಿಯಲ್ಲಾದರೂ ಯಾವ ಗಾಡಿಯ ಟಿಕೆಟಾದರೂ ಸಿಗುವಂತಾಯಿತು. ಮುಂದೆ ಮುಂಬಯಿ, ಮದರಾಸು, ಕಲಕತ್ತಾ, ಸಿಕಂದರಾಬಾದುಗಳಿಗೂ ಅದು ಹಬ್ಬಿತು. ಹಸಿರಕ್ಷರದ ಪರದೆಯ ಮುಂದೆ ಕುಳಿತ ಗುಮಾಸ್ತರು ಗಾಡಿಯ ನಂಬರು, ನಿಲ್ದಾಣದ ಸಂಕೇತಾಕ್ಷರ, ದರ್ಜೆಯ ಸಂಕೇತಾಕ್ಷರ ಇವೆಲ್ಲವನ್ನೂ ಬಾಯಿಪಾಠ ಮಾಡಬೇಕಿತ್ತು. ಅವರಿಗೆ ಅದು ಸುಲಭವಾಗಿರಲಿಲ್ಲ. ಆದರೆ ಹಗಲಿಡೀ ನೂರಾರು ಜನ ಒಟ್ಟಿಗೆ ಕೇಳಿದರೂ ಆ ಯಂತ್ರ ಕಂಗೆಡುತ್ತಿರಲಿಲ್ಲ.

ಹೆಚ್ಚು ಕಡಿಮೆ ಅದೇ ವರ್ಷಗಳಲ್ಲಿ, 1984ರ ಜನವರಿಯಲ್ಲಿ, ಅಮೆರಿಕದಲ್ಲಿ ಇನ್ನೊಂದು ಬಗೆಯ ಗಣಕ ಮಾರುಕಟ್ಟೆಗೆ ಬಂದಿತ್ತು. ಅದನ್ನು ಹಚ್ಚಿದರೆ ಪರದೆಯ ಮೇಲೆ ನಗುಮೊಗದ ಪುಟ್ಟ ಚಿತ್ರ ಮೂಡುತ್ತಿತ್ತು. ಯಾವ ಸಂಕೇತಾಕ್ಷರವನ್ನೂ ಕಲಿಯಬೇಕಿರಲಿಲ್ಲ, ಚಿತ್ರವನ್ನು ಮುಟ್ಟಿದರೆ ಕೆಲಸ. ಆದರೆ ಕೆಲಸದ ನಡುವೆಯೇ ಅದು ಒಮ್ಮೊಮ್ಮೆ ಬಾಂಬಿನ ಚಿತ್ರ ತೋರಿಸಿ ಸ್ತಬ್ಧವಾಗುತ್ತಿತ್ತು. ಬರೆದದ್ದೆಲ್ಲ ಹೋದಂತೆಯೇ!

ಒಂದು ಕಷ್ಟದ್ದು, ಆದರೆ ಭದ್ರ. ಇನ್ನೊಂದು ಸುಲಭದ್ದು, ಆದರೆ ಚಂಚಲ. ಗಣಕದ ಇತಿಹಾಸದಲ್ಲಿ ಈ ಎರಡು ದಾರಿಗಳು ಏಕೆ ಬೇರೆಯಾದವು, ಎಲ್ಲಿ ಕೂಡಿದವು, ಅದರಿಂದ ಪರಊರಿನಲ್ಲಿರುವ ಕನ್ನಡಿಗರಾದ ನಮಗೆ ಏನು ತಿಳಿಯಬೇಕು ಎಂಬುದನ್ನು ಇಲ್ಲಿ ವಾಚಕರ ಮುಂದೆ ಇಡಬಯಸುತ್ತೇವೆ.

ಪಾರುಪತ್ಯಗಾರನೆಂದರೆ ಯಾರು?

ಗಣಕದ ‘ಆಪರೇಟಿಂಗ್ ಸಿಸ್ಟಮ್’ ಎಂಬುದಕ್ಕೆ ‘ಕಾರ್ಯವ್ಯವಸ್ಥೆ’ ಎಂಬ ಪಾರಿಭಾಷಿಕ ಶಬ್ದವಿದೆ. ಮನೆಮಾತಿನಲ್ಲಿ ಹೇಳುವುದಾದರೆ ಅದು ಮದುವೆಮನೆಯ ಪಾರುಪತ್ಯಗಾರನಿದ್ದಂತೆ. ಅಡಿಗೆಯವರು, ಬಡಿಸುವವರು, ವಾಲಗದವರು ಎಲ್ಲರೂ ಬೇರೆ ಬೇರೆ. ಯಾರಿಗೆ ಯಾವ ಕೋಣೆ, ಉಗ್ರಾಣದ ಕೀಲಿ ಯಾರ ಕೈಯಲ್ಲಿ, ಯಾವ ಪಂಕ್ತಿ ಮೊದಲು ಎಂಬುದನ್ನು ನೋಡಿಕೊಳ್ಳುವವನು ಅವನು. ಪತ್ರ ಬರೆಯುವ, ಲೆಕ್ಕ ಬರೆಯುವ, ಚಿತ್ರ ತೋರಿಸುವ ಕಾರ್ಯಕ್ರಮಗಳಿಗೆಲ್ಲ ಯಂತ್ರದ ಸ್ಮೃತಿಯನ್ನೂ ಸಮಯವನ್ನೂ ಹಂಚಿಕೊಡುವುದು ಕಾರ್ಯವ್ಯವಸ್ಥೆಯ ಕೆಲಸ.

ಇಂಥವನಲ್ಲಿ ನಾವು ಎರಡು ಗುಣಗಳನ್ನು ನೋಡುತ್ತೇವೆ. ಬಂದ ನೆಂಟರೊಡನೆ ನಗುನಗುತ್ತ ಮಾತನಾಡುತ್ತಾನೆಯೇ? ಇದು ಸೌಲಭ್ಯ. ಅಡಿಗೆಯವರಲ್ಲಿ ಒಬ್ಬ ತಲೆತಿರುಗಿ ಬಿದ್ದರೂ ಊಟ ನಿಲ್ಲದಂತೆ ನೋಡಿಕೊಳ್ಳುತ್ತಾನೆಯೇ? ಇದು ಭದ್ರತೆ. ಎರಡೂ ಗುಣವುಳ್ಳವನು ಸಿಗುವುದು ಎಷ್ಟು ಕಷ್ಟವೆಂದು ಮಗಳ ಮದುವೆ ಮಾಡಿದವರೆಲ್ಲರಿಗೂ ಗೊತ್ತು.

ದೊಡ್ಡ ಯಂತ್ರಗಳ ಕಾಲ

ಮೊದಲಿಗೆ ಗಣಕವೆಂದರೆ ಒಂದು ಕೋಣೆ ತುಂಬುವಷ್ಟು ದೊಡ್ಡದು. ತೂತು ಹಾಕಿದ ಕಾರ್ಡುಗಳ ಕಟ್ಟನ್ನು ಕೊಟ್ಟು ಬಂದರೆ ಮರುದಿನ ಉತ್ತರ. 1961ರಲ್ಲಿ ಅಮೆರಿಕದ ಎಂ.ಐ.ಟಿ.ಯಲ್ಲಿ ಫರ್ನಾಂಡೊ ಕೋರ್ಬಾಟೊ ಎಂಬವರ ನೇತೃತ್ವದಲ್ಲಿ ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವ ವ್ಯವಸ್ಥೆಯ ಪ್ರದರ್ಶನ ನಡೆಯಿತು. ಯಂತ್ರ ಒಬ್ಬೊಬ್ಬರಿಗೂ ಕ್ಷಣಕಾಲ ಕಿವಿಗೊಟ್ಟು ಮುಂದಿನವರತ್ತ ತಿರುಗುತ್ತಿತ್ತು. ಪ್ರತಿಯೊಬ್ಬನಿಗೂ ಯಂತ್ರ ತನ್ನೊಬ್ಬನದೇ ಎನಿಸುತ್ತಿತ್ತು. ಇಂದು ನಮ್ಮನ್ನು ದಿನಕ್ಕೆ ಹತ್ತು ಬಾರಿ ಕಾಡುವ ‘ಪಾಸ್‌ವರ್ಡ್’ ಗಣಕಕ್ಕೆ ಬಂದದ್ದೂ ಈ ವ್ಯವಸ್ಥೆಯ ಮೂಲಕವೇ.

ಇಲ್ಲೊಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಒಂದೇ ಚಾಳಿನಲ್ಲಿ ಹತ್ತು ಸಂಸಾರಗಳಿದ್ದರೆ ನಡುವೆ ಗೋಡೆ ಬೇಕೇ ಬೇಕು. ಒಬ್ಬನ ತಪ್ಪಿನಿಂದ ಇನ್ನೊಬ್ಬನ ಕೆಲಸ ಕೆಡಬಾರದು. ಹೀಗೆ ಗಣಕದಲ್ಲಿ ಭದ್ರತೆ ಹುಟ್ಟಿದ್ದು ಹಂಚಿಕೊಂಡು ಬಾಳುವ ಅನಿವಾರ್ಯತೆಯಿಂದ.

ಇದೇ ಎಂ.ಐ.ಟಿ.ಯೂ ಬೆಲ್ ಪ್ರಯೋಗಾಲಯವೂ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯೂ ಕೂಡಿ ‘ಮಲ್ಟಿಕ್ಸ್’ ಎಂಬ ಮಹಾವ್ಯವಸ್ಥೆಯನ್ನು ಕಟ್ಟಹೊರಟವು. ಅದು ದೊಡ್ಡದಾಗುತ್ತ, ತಡವಾಗುತ್ತ ಹೋಯಿತು. 1969ರಲ್ಲಿ ಬೆಲ್ ಪ್ರಯೋಗಾಲಯ ಅದರಿಂದ ಹೊರಬಂತು. ಅಲ್ಲಿದ್ದ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಒಂದು ಸಣ್ಣ ಯಂತ್ರದ ಮೇಲೆ ಸಣ್ಣದೊಂದು ವ್ಯವಸ್ಥೆ ಕಟ್ಟಿದರು. ಅದೇ ‘ಯುನಿಕ್ಸ್’. 1973ರಲ್ಲಿ ಅದನ್ನು ರಿಚಿಯವರದೇ ಆದ ‘ಸಿ’ ಭಾಷೆಯಲ್ಲಿ ಮರಳಿ ಬರೆದದ್ದರಿಂದ, ಮುಂದೆ ಒಂದು ಯಂತ್ರದಿಂದ ಇನ್ನೊಂದು ಯಂತ್ರಕ್ಕೆ ಅದನ್ನು ಒಯ್ಯುವುದು ಹಗುರವಾಯಿತು.

ಯುನಿಕ್ಸ್ ಮಿತಭಾಷಿ. ಅದರ ಆಜ್ಞೆಗಳು ಎರಡಕ್ಷರ, ಮೂರಕ್ಷರದವು. ನಿಧಾನವಾಗಿ ಕುಟ್ಟುವ ಟೆಲಿಟೈಪ್ ಯಂತ್ರದಲ್ಲಿ ಹೆಚ್ಚು ಅಕ್ಷರ ಬಡಿಯುವುದು ಬೆರಳಿಗೆ ಶ್ರಮವಾಗಿತ್ತು. ಕಡತವನ್ನು ಅಳಿಸು ಎಂದು ‘ಆರ್‌ಎಂ’ ಎಂಬ ಎರಡಕ್ಷರ ಬಡಿದರೆ ‘ನಿಜವಾಗಿಯೂ ಅಳಿಸಲೇ?’ ಎಂದು ಸಾಮಾನ್ಯವಾಗಿ ಅದು ಕೇಳುವುದೂ ಇಲ್ಲ, ಅಳಿಸಿದೆನೆಂದು ಹೇಳುವುದೂ ಇಲ್ಲ. ಬಲ್ಲವರ ಕೈಯಲ್ಲಿ ಅದು ಸಮರ್ಥ ಸೇವಕ, ಅರಿಯದವರಿಗೆ ನಿರ್ದಾಕ್ಷಿಣ್ಯ.

ಇನ್ನೊಂದು ದೊಡ್ಡ ವ್ಯವಸ್ಥೆ ‘ವಿ.ಎಂ.ಎಸ್.’. ಡಿಜಿಟಲ್ ಎಂಬ ಸಂಸ್ಥೆ 1977ರಲ್ಲಿ ಪ್ರಕಟಿಸಿದ ವ್ಯಾಕ್ಸ್ ಯಂತ್ರಕ್ಕಾಗಿ ರೂಪುಗೊಂಡದ್ದು ಇದು. ಇದನ್ನು ಕಟ್ಟಿದವರಲ್ಲಿ ಡೇವ್ ಕಟ್ಲರ್ ಪ್ರಮುಖರು. ಅವರ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಮತ್ತೆ ಬರುತ್ತದೆ. ವಿ.ಎಂ.ಎಸ್. ಆಜ್ಞೆಗಳು ಪೂರ್ಣ ಇಂಗ್ಲಿಷ್ ಪದಗಳು. ಅದರಲ್ಲಿ ಒಂದು ಜಾಣತನವೂ ಇತ್ತು: ಒಂದು ಕಡತವನ್ನು ತಿದ್ದಿ ಉಳಿಸಿದಾಗ ಹಳೆಯದನ್ನು ಅಳಿಸದೆ, ಒಂದು, ಎರಡು, ಮೂರು ಎಂದು ಹೊಸ ಸಂಖ್ಯೆ ಕೊಟ್ಟು ಬೇರೆಯಾಗಿ ಇಡುತ್ತಿತ್ತು. ತಪ್ಪಾದರೆ ನಿನ್ನೆಯ ಪ್ರತಿ ಕೈಗೆ ಸಿಗುತ್ತಿತ್ತು. ಅಲ್ಲದೆ 1983ರಿಂದ ಹಲವು ವ್ಯಾಕ್ಸ್ ಯಂತ್ರಗಳನ್ನು ಒಂದೇ ಕುಟುಂಬದಂತೆ ಜೋಡಿಸಿ, ಒಂದು ಕೆಟ್ಟರೆ ಉಳಿದವು ಕೆಲಸ ಮುಂದುವರಿಸುವ ಏರ್ಪಾಡೂ ಬಂತು.

ನಮ್ಮ ರೈಲ್ವೆ ಕಿಟಕಿಯ ಹಿಂದೆ ದುಡಿದದ್ದು ಈ ವ್ಯಾಕ್ಸ್ ಯಂತ್ರ, ಈ ವಿ.ಎಂ.ಎಸ್. ಪಾರುಪತ್ಯಗಾರ. ಮುಂದೆ ರೈಲ್ವೆಯದೇ ಆದ ‘ಕ್ರಿಸ್’ ಸಂಸ್ಥೆ ಸಿದ್ಧಪಡಿಸಿದ ‘ಕನ್ಸರ್ಟ್’ ಏರ್ಪಾಡೂ ಇದೇ ವಂಶದ ಮೇಲೆಯೇ ನಿಂತಿತು. 1999ರ ಏಪ್ರಿಲಿನಲ್ಲಿ ಐದು ಮಹಾನಗರ ಕೇಂದ್ರಗಳೂ ಪರಸ್ಪರ ಕೂಡಿಕೊಂಡವು. ಮುಂಬಯಿಯಲ್ಲಿ ಕುಳಿತೇ ಬೆಂಗಳೂರಿನಿಂದ ಮರಳುವ ಟಿಕೆಟನ್ನೂ ತೆಗೆಯುವ ಭಾಗ್ಯ ನಮಗೆ ಹೀಗೆ ದೊರೆಯಿತು.

ಮೇಜಿನ ಮೇಲಿನ ಯಂತ್ರ

ಇತ್ತ 1970ರ ದಶಕದಲ್ಲಿ ಗಣಕ ಚಿಕ್ಕದಾಗಿ ಮೇಜಿನ ಮೇಲೆ ಬಂದು ಕುಳಿತಿತು. ಗ್ಯಾರಿ ಕಿಲ್‌ಡಾಲ್ ಅವರ ‘ಸಿಪಿಎಂ’ ಮೊದಲಿಗೆ ಜನಪ್ರಿಯವಾಯಿತು. 1981ರ ಆಗಸ್ಟಿನಲ್ಲಿ ಐ.ಬಿ.ಎಂ. ತನ್ನ ‘ಪರ್ಸನಲ್ ಕಂಪ್ಯೂಟರ್’ ಹೊರತಂದಾಗ ಮೈಕ್ರೋಸಾಫ್ಟ್ ಕೊಟ್ಟ ‘ಡಾಸ್’ ಅದರ ಪಾರುಪತ್ಯಗಾರನಾಯಿತು. ಮೈಕ್ರೋಸಾಫ್ಟ್ ಅದನ್ನು ಮೊದಲಿನಿಂದ ಕಟ್ಟಿದ್ದಲ್ಲ, ಸಿಯಾಟಲಿನ ಒಂದು ಸಣ್ಣ ಸಂಸ್ಥೆಯಲ್ಲಿ ಟಿಮ್ ಪ್ಯಾಟರ್ಸನ್ ಎಂಬವರು ಬರೆದದ್ದನ್ನು ಕೊಂಡು ಬೆಳೆಸಿದ್ದು.

ಈ ಯಂತ್ರ ಒಬ್ಬನದು, ಒಂದು ಸಲಕ್ಕೆ ಒಂದು ಕೆಲಸ. ಒಂಟಿ ಮನೆಗೆ ಒಳಗೋಡೆ ಏಕೆ? ಹೀಗೆಂದು ದೊಡ್ಡ ಯಂತ್ರಗಳವರು ಇಪ್ಪತ್ತು ವರ್ಷ ಶ್ರಮಪಟ್ಟು ಕಟ್ಟಿದ್ದ ಗೋಡೆಗಳನ್ನೆಲ್ಲ ಇಲ್ಲಿ ಕೈಬಿಟ್ಟರು. ಅದು ಅಜ್ಞಾನವೆನ್ನಲಾಗದು. ಸ್ಮೃತಿ ಆಗ ಅಷ್ಟು ದುಬಾರಿ, ಗೋಡೆಗೂ ಜಾಗ ಬೇಕಲ್ಲವೇ? ಡಾಸ್ ನೋಡಲು ಸರಳವಾದರೂ ಸುಲಭವಾಗಿರಲಿಲ್ಲ. ಕಪ್ಪು ಪರದೆಯ ಮೇಲೆ ಒಂದು ಅಕ್ಷರ, ಒಂದು ಬಾಣದ ಗುರುತು. ಮುಂದೇನೆಂದು ನಮಗೇ ಗೊತ್ತಿರಬೇಕು.

ಸುಲಭದ ದಾರಿ ತೋರಿಸಿದವರು ಕ್ಯಾಲಿಫೋರ್ನಿಯದ ಜೆರಾಕ್ಸ್ ಸಂಶೋಧನ ಕೇಂದ್ರದವರು. 1973ರಲ್ಲೇ ಅವರ ‘ಆಲ್ಟೊ’ ಯಂತ್ರದಲ್ಲಿ ಮೌಸ್ ಇತ್ತು, ಪರದೆಯ ಮೇಲೆ ಚಿತ್ರರೂಪವಿತ್ತು. ಆ್ಯಪಲ್ ಸಂಸ್ಥೆ ಈ ದಾರಿ ಹಿಡಿದು 1983ರಲ್ಲಿ ‘ಲೀಸಾ’ ಯಂತ್ರವನ್ನು ತಂದಿತು. ಲೀಸಾದಲ್ಲಿ ಚಿತ್ರವೂ ಇತ್ತು, ಒಳಗೋಡೆಯೂ ಇತ್ತು. ಆದರೆ ಬೆಲೆ ಸುಮಾರು ಹತ್ತು ಸಾವಿರ ಡಾಲರು, ನಡಿಗೆಯೋ ನಿಧಾನ. ಕೊಳ್ಳುವವರು ಕಡಿಮೆಯಾದರು. ಮರುವರ್ಷ ಬಂದ ‘ಮ್ಯಾಕಿಂಟಾಷ್’ ಬೆಲೆ 2,495 ಡಾಲರು, ಸ್ಮೃತಿ ಕೇವಲ 128 ಕಿಲೋಬೈಟು. ಅಷ್ಟರಲ್ಲಿ ಚಿತ್ರಗಳನ್ನು ಉಳಿಸಿಕೊಂಡು ಗೋಡೆಗಳನ್ನು ಬಿಟ್ಟರು. ನಗುಮೊಗಕ್ಕೂ ಬಾಂಬಿಗೂ ಇರುವ ನಂಟು ಇದೇ. ಸೌಲಭ್ಯ ಮತ್ತು ಭದ್ರತೆ ಹುಟ್ಟು ವೈರಿಗಳೇನಲ್ಲ. ಎರಡನ್ನೂ ಕೊಳ್ಳುವಷ್ಟು ಹಣ ಆಗ ಸಾಮಾನ್ಯನ ಜೇಬಿನಲ್ಲಿ ಇರಲಿಲ್ಲ, ಅಷ್ಟೇ.

1990ರಲ್ಲಿ ಬಂದ ‘ವಿಂಡೋಸ್ 3.0’ ಡಾಸಿನ ಮೇಲೆಯೇ ಚಿತ್ರದ ಹೊದಿಕೆ ಹಾಸಿತು. ಈಗ ಒಂದೇ ಯಂತ್ರದಲ್ಲಿ ಹಲವು ಕಾರ್ಯಕ್ರಮಗಳನ್ನು ತೆರೆದಿಡಬಹುದು. ಆದರೆ ಅಂದಿನ ವಿಂಡೋಸಿನಲ್ಲೂ ಮ್ಯಾಕಿನಲ್ಲೂ ಒಂದು ನಿಯಮವಿತ್ತು: ಕೆಲಸ ಮಾಡುತ್ತಿರುವ ಕಾರ್ಯಕ್ರಮ ತಾನಾಗಿ ಬಿಟ್ಟುಕೊಟ್ಟರೆ ಮಾತ್ರ ಇನ್ನೊಂದಕ್ಕೆ ಸರದಿ. ನಮ್ಮ ಸಂಘದ ವಾರ್ಷಿಕೋತ್ಸವವನ್ನು ನೆನೆಯಿರಿ. ಭಾಷಣಕಾರರು ತಾವಾಗಿ ಮೈಕು ಬಿಟ್ಟರೆ ನಾಟಕ ಸಕಾಲಕ್ಕೆ ಆರಂಭ, ಬಿಡದಿದ್ದರೆ ಬಣ್ಣ ಹಚ್ಚಿದ ಪಾತ್ರಧಾರಿಗಳು ಒಳಗೇ ಬೆವರಬೇಕು. ದೊಡ್ಡ ಯಂತ್ರಗಳಲ್ಲಿ ಹಾಗಲ್ಲ. ಅಲ್ಲಿ ಗಂಟೆ ಹಿಡಿದ ಅಧ್ಯಕ್ಷರಿದ್ದರು, ಹೊತ್ತಾದ ಕೂಡಲೇ ಮೈಕು ಕಸಿದು ಮುಂದಿನವರಿಗೆ ಕೊಡುತ್ತಿದ್ದರು.

1995ರ ಆಗಸ್ಟ್ 24ರಂದು ಬಂದ ‘ವಿಂಡೋಸ್ 95’ ಈ ಅಧ್ಯಕ್ಷರನ್ನು ಬಹುಮಟ್ಟಿಗೆ ತಂದಿತು. ಆದರೆ ಹಳೆಯ ಕಾರ್ಯಕ್ರಮಗಳೂ ನಡೆಯಬೇಕೆಂಬ ಹಂಗಿನಿಂದ ಗೋಡೆಗಳಲ್ಲಿ ಅಲ್ಲಲ್ಲಿ ಕಿಂಡಿ ಉಳಿಯಿತು. ನೀಲಿ ಪರದೆಯ ಮೇಲೆ ಬಿಳಿಯಕ್ಷರದ ಅಶುಭವಾರ್ತೆ ಆ ಕಾಲದವರಿಗೆಲ್ಲ ಚಿರಪರಿಚಿತ. 1998ರ ಏಪ್ರಿಲಿನಲ್ಲಿ ‘ವಿಂಡೋಸ್ 98’ರ ಬಹಿರಂಗ ಪ್ರದರ್ಶನದಲ್ಲಿ ಬಿಲ್ ಗೇಟ್ಸ್ ವೇದಿಕೆಯ ಮೇಲಿರುವಾಗಲೇ ಈ ನೀಲಿ ಪರದೆ ಕಾಣಿಸಿಕೊಂಡು ಸಭೆ ನಕ್ಕಿತು.

ಇದಕ್ಕಿಂತಲೂ ಮೋಜಿನ ದೋಷ ಇನ್ನೊಂದಿತ್ತು. ಈ ವ್ಯವಸ್ಥೆಗಳು ಯಂತ್ರ ಹಚ್ಚಿದಾಗಿನಿಂದ ಕಳೆದ ಕಾಲವನ್ನು ಸೆಕೆಂಡಿನ ಸಾವಿರದ ಒಂದಂಶದ ಲೆಕ್ಕದಲ್ಲಿ ಎಣಿಸುತ್ತಿದ್ದವು. ಎಣಿಕೆಯ ಪಾತ್ರೆ 32 ಬಿಟ್ಟಿನದು. ಅದು 4,294,967,296ಕ್ಕೆ ತುಂಬುತ್ತದೆ, ಎಂದರೆ ಸುಮಾರು 49.7 ದಿನ. ಅಷ್ಟು ದಿನ ಎಡೆಬಿಡದೆ ನಡೆದರೆ ಯಂತ್ರ ಸ್ತಬ್ಧವಾಗುವ ಸಂಭವವಿತ್ತು. ಇದು ಬಹಿರಂಗವಾಗಿ ತಿದ್ದುಪಡಿ ಬಂದದ್ದು 1999ರಲ್ಲಿ, ವಿಂಡೋಸ್ 95 ಬಂದು ನಾಲ್ಕು ವರ್ಷಗಳ ಮೇಲೆ. ಬೇರೆ ಕಾರಣಗಳಿಂದ ಬೀಳದೆ 49 ದಿನ ನಿಂತ ಯಂತ್ರಗಳೇ ವಿರಳ, ಆದ್ದರಿಂದ ಯಾರಿಗೂ ತಿಳಿಯಲಿಲ್ಲ ಎಂದು ಬಲ್ಲವರು ನಗೆಯಾಡಿದರು.

ಎರಡು ದಾರಿ ಕೂಡಿದ ಬಗೆ

ವಿ.ಎಂ.ಎಸ್. ಕಟ್ಟಿದ ಡೇವ್ ಕಟ್ಲರ್ 1988ರಲ್ಲಿ ಮೈಕ್ರೋಸಾಫ್ಟಿಗೆ ಬಂದರು. ದೊಡ್ಡ ಯಂತ್ರದ ಗೋಡೆಗಳನ್ನು ಮೇಜಿನ ಯಂತ್ರದೊಳಗೆ ಮೊದಲಿನಿಂದ ಕಟ್ಟಿದರು. 1993ರ ಜುಲೈಯಲ್ಲಿ ‘ವಿಂಡೋಸ್ ಎನ್‌ಟಿ’ ಹೊರಬಂತು. ಅದಕ್ಕೆ ಕನಿಷ್ಠ 12 ಮೆಗಾಬೈಟು ಸ್ಮೃತಿ ಬೇಕಿತ್ತು, ಮನೆಯ ಯಂತ್ರಗಳಿಗೆ ಆಗ ಅದು ಎಟುಕದ ಮಾತು. 2001ರ ಅಕ್ಟೋಬರಿನಲ್ಲಿ ‘ಎಕ್ಸ್‌ಪಿ’ ಎಂಬ ಹೆಸರಿನಲ್ಲಿ ಅದೇ ವಂಶ ಸಾಮಾನ್ಯರ ಮನೆಗೂ ಬಂತು. ನಮ್ಮ ರೈಲ್ವೆ ಟಿಕೆಟು ಕೊಡುತ್ತಿದ್ದ ವ್ಯವಸ್ಥೆಯೂ ಮಕ್ಕಳ ಮೇಜಿನ ಮೇಲಿನ ವಿಂಡೋಸೂ ಹೀಗೆ ಒಬ್ಬನೇ ಮೇಸ್ತ್ರಿಯ ಕೈ ಕಂಡವು.

ಅದೇ 2001ರ ಮಾರ್ಚಿನಲ್ಲಿ ಆ್ಯಪಲ್ ಕೂಡ ತನ್ನ ಹಳೆಯ ಗೋಡೆಯಿಲ್ಲದ ಮನೆಯನ್ನು ಬಿಟ್ಟು, ಯುನಿಕ್ಸ್ ವಂಶದ ಅಡಿಪಾಯದ ಮೇಲೆ ‘ಮ್ಯಾಕ್ ಓಎಸ್ ಟೆನ್’ ಕಟ್ಟಿತು. ಮೇಲೆ ಮ್ಯಾಕಿನ ನಗು, ಒಳಗೆ ಯುನಿಕ್ಸಿನ ಬಿಗಿ.

ಮೂರನೆಯ ದಾರಿಯೊಂದು ಫಿನ್ಲೆಂಡಿನಿಂದ ಬಂತು. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಯುನಿಕ್ಸ್ ಮಾದರಿಯ ತಿರುಳೊಂದನ್ನು ತಾನೇ ಬರೆದು ಜಗತ್ತಿಗೆ ಕೊಟ್ಟುಬಿಟ್ಟರು. ರಿಚರ್ಡ್ ಸ್ಟಾಲ್‌ಮನ್ 1983ರಿಂದ ಕೂಡಿಸುತ್ತ ಬಂದಿದ್ದ ‘ಗ್ನು’ ಸಾಮಗ್ರಿ ಅದಕ್ಕೆ ಜೊತೆಯಾಯಿತು. ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಸಾವಿರಾರು ಕಣ್ಣು ನೋಡಿದ್ದರಿಂದ ಲಿನಕ್ಸ್ ಬೇಗ ಗಟ್ಟಿಯಾಯಿತು. ಆದರೆ ಅದನ್ನು ಯಂತ್ರಕ್ಕೆ ಕೂಡಿಸಿಕೊಳ್ಳುವುದೇ ಬಹುಕಾಲ ತಲೆನೋವಾಗಿತ್ತು. 2004ರಲ್ಲಿ ಬಂದ ‘ಉಬುಂಟು’ ಈ ಕಷ್ಟವನ್ನು ಬಹಳಷ್ಟು ಹಗುರಮಾಡಿತು. 2017ರಿಂದ ಜಗತ್ತಿನ ಅತಿ ಬಲಶಾಲಿಯಾದ ಐನೂರು ಗಣಕಗಳೂ ಲಿನಕ್ಸ್ ಮೇಲೆಯೇ ನಡೆಯುತ್ತಿವೆ. ನಮ್ಮಲ್ಲಿ ಹೆಚ್ಚಿನವರ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿನ ತಿರುಳೂ ಅದೇ. ಲಿನಕ್ಸ್ ಕಷ್ಟವೆಂದು ದೂರವಿಟ್ಟವರೂ ಅರಿಯದೆ ದಿನವೂ ಅದನ್ನೇ ಬಳಸುತ್ತಿದ್ದಾರೆ.

ಯಾರಿಗೆ ಸುಲಭ?

ಇಷ್ಟೆಲ್ಲ ಹೇಳಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಸುಲಭವೆಂದರೆ ಯಾರಿಗೆ? ಇಂಗ್ಲಿಷ್ ಬಲ್ಲವನಿಗೆ ತಾನೇ? ನಗುಮೊಗದ ಯಂತ್ರ ಬಂದ ಬಹುಕಾಲದವರೆಗೆ ನಮ್ಮ ತಾಯಂದಿರಿಗೆ ಅದು ಮೂಕವೇ ಆಗಿತ್ತು.

1980ರ ದಶಕದಲ್ಲಿ ಕಾನ್ಪುರದ ಐ.ಐ.ಟಿ.ಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ತಂತ್ರದಿಂದ ಡಾಸ್ ಯಂತ್ರಗಳಲ್ಲಿ ಭಾರತೀಯ ಲಿಪಿಗಳು ಮೂಡಿದವು. 1991ರಲ್ಲಿ ‘ಇಸ್ಕಿ’ ಎಂಬ ರಾಷ್ಟ್ರೀಯ ಸಂಕೇತ ಕ್ರಮವೂ ಸ್ಥಿರವಾಯಿತು. ಆದರೆ ವಿಂಡೋಸ್ ಬಂದಾಗ ಎಲ್ಲರೂ ಅಡ್ಡದಾರಿ ಹಿಡಿದರು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಫಾಂಟುಗಳು ಬಂದವು. ಯಂತ್ರ ಒಳಗೆ ಇಂಗ್ಲಿಷೆಂದೇ ತಿಳಿಯುತ್ತಿತ್ತು, ಹೊರಗೆ ಮಾತ್ರ ಕನ್ನಡದ ವೇಷ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಕನ್ನಡ ಬರೆಯುವುದನ್ನು ಮನೆಮನೆಗೆ ಹತ್ತಿರ ತಂದವು. ನುಡಿಯಲ್ಲಿ ನೆಲೆಗೊಂಡ ಕೀಲಿಮಣೆಯ ವಿನ್ಯಾಸಕ್ಕೆ ಕೆ.ಪಿ. ರಾವ್ ಅವರಿಗೆ ನಾವು ಋಣಿಗಳು.

1991ರಲ್ಲಿ ಪ್ರಕಟವಾದ ‘ಯುನಿಕೋಡ್’ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಟ್ಟಿತ್ತು. ಆದರೆ ಸಾಮಾನ್ಯರ ವಿಂಡೋಸಿನಲ್ಲಿ ಅದು ‘ತುಂಗ’ ಎಂಬ ಫಾಂಟಿನೊಡನೆ ನೆಲೆಯೂರಿದ್ದು 2001ರ ಎಕ್ಸ್‌ಪಿಯಲ್ಲಿ. ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಸರಿಯಾಗಿ ಕಾಣತೊಡಗಿದ್ದು 2012ರ ಸುಮಾರಿಗೆ.

ಇಲ್ಲಿ ನಮ್ಮ ಅನುಭವವೊಂದನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಸಂಘದ ಹಿರಿಯ ಸದಸ್ಯರೊಬ್ಬರು ತೀರಿಕೊಂಡಾಗ ಅವರು ಈ ಪತ್ರಿಕೆಗೆ ಬರೆದಿದ್ದ ಹಳೆಯ ಲೇಖನಗಳನ್ನು ಒಟ್ಟುಮಾಡಿ ಪುಸ್ತಿಕೆ ತರಲು ಹೊರಟೆವು. ಹಳೆಯ ಕಡತಗಳೆಲ್ಲ ಸುರಕ್ಷಿತವಾಗಿದ್ದವು, ಹೊಸ ಯಂತ್ರ ಒಂದನ್ನೂ ತಪ್ಪದೆ ತೆರೆಯಿತು. ಪರದೆ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ! ಅಂದು ಬಳಸಿದ ಫಾಂಟು ಹೊಸ ಯಂತ್ರದಲ್ಲಿ ಇರಲಿಲ್ಲ. ಯಂತ್ರ ಬಿದ್ದಿರಲಿಲ್ಲ, ಅಕ್ಷರ ಬಿದ್ದಿತ್ತು. ಕೊನೆಗೆ ನೆರವಾದದ್ದು ಸದಸ್ಯರೊಬ್ಬರು ಅಟ್ಟದ ಮೇಲೆ ಕಟ್ಟಿಟ್ಟಿದ್ದ ಮುದ್ರಿತ ಸಂಚಿಕೆಗಳು. ಇಬ್ಬರು ತರುಣಿಯರು ಎರಡು ತಿಂಗಳು ಕುಳಿತು ಎಲ್ಲವನ್ನೂ ಯುನಿಕೋಡಿನಲ್ಲಿ ಮತ್ತೆ ಬೆರಳಚ್ಚು ಮಾಡಿಕೊಟ್ಟರು. ಒಂದು ಸಂಚಿಕೆ ಮಾತ್ರ ಎಲ್ಲಿಯೂ ಸಿಗಲಿಲ್ಲ. ಅದರಲ್ಲಿದ್ದ ಲೇಖನ ಅವರೊಂದಿಗೇ ಹೋಯಿತು.

ಭದ್ರತೆ ಎಂದರೆ ಯಂತ್ರ ನಿಲ್ಲದೆ ನಡೆಯುವುದಷ್ಟೇ ಅಲ್ಲ, ಇಂದು ಬರೆದದ್ದನ್ನು ಮೊಮ್ಮಕ್ಕಳು ಓದಬಲ್ಲುದು ಎಂಬ ಪಾಠವನ್ನು ನಾವು ಹೀಗೆ ಕಲಿತೆವು.

ಕಾವಲುಗಾರನ ಕೈಯ ಕೀಲಿ

ಎರಡು ದಾರಿ ಕೂಡಿದ ಮೇಲೆ ತೊಂದರೆಗಳೆಲ್ಲ ಮುಗಿದವೇ? 2024ರ ಜುಲೈ 19ರಂದು ಇಲ್ಲವೆಂಬ ಉತ್ತರ ಬಂತು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ಸಂಸ್ಥೆ ಕಳಿಸಿದ ಒಂದು ದೋಷಯುಕ್ತ ತಿದ್ದುಪಡಿಯಿಂದ, ಮೈಕ್ರೋಸಾಫ್ಟಿನ ಅಂದಾಜಿನಂತೆ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು. ವಿಮಾನಗಳು ರದ್ದಾದವು, ಆಸ್ಪತ್ರೆ, ಬ್ಯಾಂಕುಗಳ ಕೆಲಸ ಕೆಟ್ಟಿತು. ನಮ್ಮ ದೇಶದಲ್ಲೂ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸು ಕೊಡಬೇಕಾಯಿತು. ರಿಜಿಸ್ಟರಿನ ಕಾಲ ಒಂದು ದಿನದ ಮಟ್ಟಿಗೆ ಮರಳಿ ಬಂದಿತ್ತು!

ಗೋಡೆಗಳಿದ್ದೂ ಹೀಗೇಕಾಯಿತು? ಕಾವಲುಗಾರನಿಗೆ ಮನೆಯ ಒಳಕೋಣೆಯ ಕೀಲಿಯನ್ನೂ ಕೊಟ್ಟಿದ್ದರು. ಆ ರಕ್ಷಣಾ ಕಾರ್ಯಕ್ರಮ ಕಾರ್ಯವ್ಯವಸ್ಥೆಯ ತಿರುಳಿನೊಳಗೇ ಕುಳಿತು ಕೆಲಸ ಮಾಡುವಂಥದು. ಅವನು ಎಡವಿದಾಗ ಮನೆಯೇ ಕುಸಿಯಿತು. ಆ ದಿನ ಮ್ಯಾಕ್, ಲಿನಕ್ಸ್ ಯಂತ್ರಗಳು ಪಾರಾದವು. ಅವೇ ಶ್ರೇಷ್ಠವೆಂದು ಇದರಿಂದ ತೀರ್ಮಾನಿಸುವುದು ಅವಸರವಾದೀತು, ಆ ದೋಷಯುಕ್ತ ಕಡತ ಹೋದದ್ದು ವಿಂಡೋಸಿಗೆ ಮಾತ್ರ. ಎಲ್ಲವನ್ನೂ ಒಂದೇ ಬುಟ್ಟಿಯಲ್ಲಿ ಇಡಬಾರದೆಂಬುದೇ ಇಲ್ಲಿಯ ನಿಜವಾದ ನೀತಿ.

ಹಾಗಾದರೆ ಯಾವುದು ಒಳ್ಳೆಯದೆಂದು ವಾಚಕರು ಕೇಳಬಹುದು. ಇಂದು ಮೂರೂ ವಂಶಗಳಲ್ಲಿ ಗೋಡೆಯಿದೆ, ಮೂರರಲ್ಲೂ ಕನ್ನಡವಿದೆ. ಮನೆಯಲ್ಲಿ ಕೈಗೆ ಒಗ್ಗಿದ್ದನ್ನು, ಕೆಟ್ಟಾಗ ಕೇಳಲು ಪಕ್ಕದಲ್ಲಿ ಜನವಿರುವಂಥದನ್ನು ಬಳಸುವುದು ಲೇಸು. 2025ರ ಅಕ್ಟೋಬರ್ 14ಕ್ಕೆ ‘ವಿಂಡೋಸ್ 10’ರ ಸಾಮಾನ್ಯ ಬೆಂಬಲ ಮುಗಿದಿದೆ. ಹೊಸ ವಿಂಡೋಸಿಗೆ ಒಗ್ಗದ ಹಳೆಯ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಲಿನಕ್ಸನ್ನು ಒಮ್ಮೆ ಪ್ರಯತ್ನಿಸಿ ನೋಡಬಹುದು, ಪತ್ರ ಬರೆಯಲು, ಲೆಕ್ಕವಿಡಲು ಅದು ಧಾರಾಳ ಸಾಕು. ಯಾವುದನ್ನೇ ಬಳಸಿ, ಕನ್ನಡವನ್ನು ಯುನಿಕೋಡಿನಲ್ಲೇ ಬರೆಯಿರಿ. ಮುಖ್ಯವಾದುದರ ಪ್ರತಿಯನ್ನು ಎರಡು ಬೇರೆ ಕಡೆ ಇಡಿ.

ಹಾಗೆಯೇ ಈ ಸಂಚಿಕೆಯನ್ನು ಓದಿ ರದ್ದಿಗೆ ಹಾಕದೆ, ಒಂದು ಪ್ರತಿಯನ್ನು ಅಟ್ಟದ ಮೇಲೆ ಕಟ್ಟಿಡಿ ಎಂದು ಕೇಳಿಕೊಳ್ಳುತ್ತೇವೆ. ಕಾಗದಕ್ಕೆ ಯಾವ ಪಾರುಪತ್ಯಗಾರನೂ ಬೇಡ.